ಟೇಬಲ್ ಟೆನ್ನಿಸಿನಲ್ಲಿ ಸರ್ವಿಸನ್ನು ಹಿಂದಿರುಗಿಸುವ ಕ್ರಮ

ಟೇಬಲ್ ಟೆನ್ನಿಸ್ ಕಲಿಯತೊಡಗಿದ ಹುಡುಗಿಯರು ಬಹುಮಟ್ಟಿಗೆ ಬಲವಾದ ಹೊಡೆತಗಳನ್ನೇ ಮೊದಲು ಅಭ್ಯಾಸಮಾಡುವರು. ಪಂದ್ಯದ ದಿವಸವಾದರೋ ಆ ಹೊಡೆತಕ್ಕೆ ಸಮಯವೇ ಒದಗದು. ಎದುರಾಳಿಯ ಸರ್ವಿಸು ಬ್ಯಾಟಿಗೆ ತಗಲಿದೊಡನೆ ಚೆಂಡು ಬಲೆಯಲ್ಲಿ ಬೀಳುವದು. 2001ನೆಯ ಇಸವಿಯಿಂದ ಗೇಮಿಗೆ 11 ಅಂಕಗಳು. ಎರಡೆರಡು ಅಂಕಗಳಿಗೊಮ್ಮೆ ಸರ್ವಿಸಿನ ಸರದಿ ಬದಲಾಗುವದು. ಹೀಗಿರುವದರಿಂದ ಹೆಚ್ಚುಕಡಮೆ ಅರ್ಧದಷ್ಟು ಅಂಕಗಳು ಎದುರಾಳಿಯ ಕೈಯಿಂದಲೇ ಆರಂಭವಾಗುವವು. ನಾಲ್ಕೈದು ಅಂಕಗಳನ್ನು ಹೀಗೆ ಕಳಕೊಂಡ ಮಗುವು "ನನಗೆ ಈ ಆಟ ಬಾರದು" ಎಂದು ಬ್ಯಾಟನ್ನು ಕೆಳಗಿಡುವದನ್ನು ಕಂಡಿದ್ದೇನೆ. ಅವಳ ಕೈಯಲ್ಲಿ ದೋಷವಿರಲಿಲ್ಲ. ಅವಳು ಎದುರಾಳಿಯ ಬ್ಯಾಟನ್ನು ನೋಡಿರಲಿಲ್ಲ, ಅಷ್ಟೇ.

ಆದಕಾರಣ ಮೊದಲು ನೋಡಲು ಕಲಿಯತಕ್ಕದ್ದು. ಸರ್ವಿಸು ಮಾಡುವವಳ ಬ್ಯಾಟು ಚೆಂಡನ್ನು ಸವರಿ ಯಾವ ಕಡೆಗೆ ಹೋಯಿತೋ, ಚೆಂಡು ನಮ್ಮ ಬ್ಯಾಟಿನಿಂದ ಆ ಕಡೆಗೇ ಚಿಮ್ಮಲು ನೋಡುವದು. ಬ್ಯಾಟು ಕೆಳಗೆ ಇಳಿದಿದ್ದರೆ ಚೆಂಡು ಬಲೆಗೆ ಇಳಿಯುವದು; ಮೇಲಕ್ಕೆ ಏರಿದ್ದರೆ ಮೇಜನ್ನು ದಾಟಿ ಹಾರುವದು; ಪಕ್ಕಕ್ಕೆ ಸರಿದಿದ್ದರೆ ಪಕ್ಕಕ್ಕೇ ಹೋಗುವದು. ಹೀಗೆ ಪಕ್ಕಕ್ಕೆ ಸರಿದಾಗ, ಅವಳ ಬ್ಯಾಟು ಎಲ್ಲಿಂದ ಹೊರಟಿತೋ ಆ ಕಡೆಗೆ ಗುರಿಯಿಡಬೇಕು. ಆಟಗಾರ್ತಿಯು ಚೆಂಡನ್ನು ಕೈಯಿಂದಲಾಗಲಿ ಮೈಯಿಂದಲಾಗಲಿ ಮರೆಮಾಡಬಾರದೆಂದು 2002ರಲ್ಲಿ ನಿಯಮವಾದದ್ದು ಹಿಂದಿರುಗಿಸುವವಳಿಗೆ ದೊಡ್ಡ ಉಪಕಾರ.

ಕೆಳಸವರಿದ ಸರ್ವಿಸಿಗೆ ಪುಶ್ ಎಂಬ ಹೊಡೆತವೇ ತಕ್ಕದ್ದು. ಬ್ಯಾಟಿನ ಮುಖವನ್ನು ತುಸು ಆಕಾಶದ ಕಡೆಗೆ ತೆರೆದು, ಚೆಂಡು ಪುಟಿದು ಮೇಲೇರುವಾಗಲೇ ಅದರ ಕೆಳಭಾಗವನ್ನು ಮುಂದಕ್ಕೆ ಮೆಲ್ಲನೆ ಸವರಬೇಕು. ಮೊಣಕೈ ಮುಂದೆ ಚಾಚುವದು, ಭುಜ ಬಿಗಿಯಕೂಡದು. ಚೆಂಡು ಬಲೆಯ ಹತ್ತಿರ ಬಿದ್ದರೆ ಬಲಗೈಯವಳು ಬಲಗಾಲನ್ನು ಮೇಜಿನ ಕೆಳಗೆ ಇಡಲಿ. ನಿಂತಲ್ಲಿಂದಲೇ ಕೈಚಾಚಿ ಮುಗ್ಗರಿಸುವವರೇ ಹೆಚ್ಚು!

ಮೇಲ್ಸವರಿದ ಸರ್ವಿಸಿಗೆ ಬ್ಲಾಕ್ ಸಾಕು: ಬ್ಯಾಟಿನ ಮುಖವನ್ನು ಮೇಜಿನ ಕಡೆಗೆ ಸ್ವಲ್ಪ ಬಾಗಿಸಿ, ಬೀಸದೆ ಎದುರಿಗೆ ಹಿಡಿಯುವದು.

ಒಂದು ಎಚ್ಚರಿಕೆ. ಮೇಲಿನ ಮಾತುಗಳೆಲ್ಲ ಸಾಧಾರಣ ರಬ್ಬರಿಗೆ ಸಲ್ಲುವವು. 2018ರ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಮಹಿಳಾ ಸಿಂಗಲ್ಸ್ ಚಿನ್ನ ಗೆದ್ದ ಮನಿಕಾ ಬಾತ್ರಾ ಅವರ ಬ್ಯಾಟಿನ ಒಂದು ಮಗ್ಗುಲಿಗೆ ಉದ್ದ ಮೊಳೆಗಳ ರಬ್ಬರು. ಅದಕ್ಕೆ ಚೆಂಡಿನ ಸುತ್ತು ಅಷ್ಟಾಗಿ ಹಿಡಿಯದು. ಆರಂಭದವರು ಅಂಥದನ್ನು ಕೊಳ್ಳುವ ಅವಸರ ಮಾಡಬಾರದು.

ಮನೆಯಲ್ಲಿ ಮೇಜಿಲ್ಲದಿದ್ದರೆ ತಾಯಿತಂದೆಗಳು ಚಿಂತಿಸಬೇಕಾಗಿಲ್ಲ. ಶಾಲೆಯ ಮೇಜಿನಲ್ಲಿ ಗೆಳತಿಯು ಒಂದೇ ಬಗೆಯ ಸರ್ವಿಸನ್ನು 20 ಸಾರಿ ಕೊಡಲಿ. ಇವಳು ಚೆಂಡನ್ನು ಹೊಡೆಯುವ ಮೊದಲೇ "ಕೆಳಗೆ", "ಮೇಲೆ" ಎಂದು ಗಟ್ಟಿಯಾಗಿ ಹೇಳಲಿ. ಉತ್ತರ ತಪ್ಪದೆ ಬರತೊಡಗಿದ ಮೇಲೆ ಗೆಳತಿಯು ಸರ್ವಿಸುಗಳನ್ನು ಬೆರಸಿ ಕೊಡಬಹುದು.