ಉಣ್ಣೆ ಜ್ವರ: ಇಂಜೆಕ್ಷನ್‌ಗೆ ಮೊದಲು ಒಂದು ಹನಿ ರಕ್ತ

ಅಕ್ಕಂದಿರೇ, ಬೆಳಿಗ್ಗೆ ಎಂಟು ಲೀಟರ್ ಕೊಟ್ಟ ಮಿಶ್ರತಳಿ ಹಸು ಸಂಜೆ ಮೂರಕ್ಕೆ ಇಳಿದಿದೆ. ಮೈ ಸುಡುತ್ತಿದೆ, ಮೇವು ಮುಟ್ಟುತ್ತಿಲ್ಲ. ಡಾಕ್ಟರಿಗೆ ಫೋನ್ ಮಾಡಿ ನೀವು ಹೇಳುವ ಮೊದಲ ಮಾತು ಯಾವುದು? "ಬೇಗ ಬಂದು ಒಂದು ಇಂಜೆಕ್ಷನ್ ಹಾಕಿ ಸಾರ್." ತೊಡಕು ಶುರುವಾಗುವುದು ಇಲ್ಲೇ.

ಉಣ್ಣೆಯಿಂದ ಬರುವ ಜ್ವರ ಒಂದೇ ಅಲ್ಲ. ಥೈಲೇರಿಯಾ ಆದರೆ ಜ್ವರ 104–106 ಡಿಗ್ರಿಗೆ ಏರಿ, ಹೆಗಲಿನ ಮುಂದೆ ಮತ್ತು ಕಿವಿಯ ಕೆಳಗೆ ಗಂಟು ಊದುತ್ತದೆ. ಬೆಬೀಸಿಯಾ ಆದರೆ ಗಂಜಲ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಅನಾಪ್ಲಾಸ್ಮಾ ಆದರೆ ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡು ಸಗಣಿ ಗಟ್ಟಿಯಾಗುತ್ತದೆ. ಥೈಲೇರಿಯಾಕ್ಕೆ ಬುಪಾರ್ವಕ್ವೋನ್, ಬೆಬೀಸಿಯಾಕ್ಕೆ ಡಿಮಿನಜೀನ್, ಅನಾಪ್ಲಾಸ್ಮಾಕ್ಕೆ ಆಕ್ಸಿಟೆಟ್ರಾಸೈಕ್ಲಿನ್. ಥೈಲೇರಿಯಾ ಬಂದ ಹಸುವಿಗೆ ಬೇರೆ ಮದ್ದು ಕೊಡುತ್ತಾ ಎರಡು ಮೂರು ದಿನ ಕಳೆದರೆ, ಆಮೇಲೆ ಸರಿಯಾದ ಮದ್ದು ಕೊಟ್ಟರೂ ಹಸು ಉಳಿಯುವುದು ಕಷ್ಟ.

ಲಕ್ಷಣಗಳು ಒಂದರೊಳಗೊಂದು ಬೆರೆಯುತ್ತವೆ. ಅದಕ್ಕೇ ನಿಯಮ ಹೇಳುವುದು: ಔಷಧಿಗೆ ಮೊದಲು ಕಿವಿಯ ನರದಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಸ್ಲೈಡ್ ಮೇಲೆ ತೆಳ್ಳಗೆ ಎಳೆದು ಪರೀಕ್ಷೆಗೆ ಕಳಿಸಿ. ವರದಿ ಬರುವ ತನಕ ಚಿಕಿತ್ಸೆ ತಡೆಯಬೇಕಿಲ್ಲ. ಲಕ್ಷಣ ನೋಡಿ ಶುರುಮಾಡಿ, ವರದಿ ನೋಡಿ ತಿದ್ದಿಕೊಳ್ಳಬಹುದು. ಸ್ಲೈಡ್ ಮಾತ್ರ ಮೊದಲೇ ಆಗಬೇಕು.

ಎಲ್ಲ ಕಡೆ ಹೀಗೆ ನಡೆಯುವುದಿಲ್ಲ. ಡಾಕ್ಟರಿಗೆ ಇನ್ನೂ ನಾಲ್ಕು ಊರು ಬಾಕಿ, ಪ್ರಯೋಗಾಲಯ ದೂರ, ಮನೆಯವರಿಗೆ ಅವಸರ. ಮೂರೂ ಮದ್ದು ಒಟ್ಟಿಗೆ ಚುಚ್ಚಿದರೆ ಯಾವುದೋ ಒಂದು ಹಿಡಿದೀತು ಎಂಬ ಲೆಕ್ಕ. ಅವರನ್ನೇ ದೂರಿ ಪ್ರಯೋಜನವಿಲ್ಲ. "ದುಬಾರಿ ಮದ್ದು, ಅರ್ಧ ಹಾಕಿ ನೋಡಿ" ಎಂದು ಎಷ್ಟೋ ಸಲ ಕೇಳುವವರು ನಾವೇ.

ಆ ಅರ್ಧವೇ ಅಪಾಯ. ಬುಪಾರ್ವಕ್ವೋನ್ ಪ್ರಮಾಣ ಕೆ.ಜಿ. ತೂಕಕ್ಕೆ 2.5 ಮಿ.ಗ್ರಾಂ. ಒಂದು ಮಿ.ಲೀ.ಯಲ್ಲಿ 50 ಮಿ.ಗ್ರಾಂ. ಇರುವ ಬಾಟಲಿಯಾದರೆ 20 ಕೆ.ಜಿ.ಗೆ 1 ಮಿ.ಲೀ. ತೂಕವನ್ನು ಕಣ್ಣಳತೆಯಲ್ಲಿ ಹೇಳಬೇಡಿ, ಟೈಲರ್ ಟೇಪ್ ತನ್ನಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ತುದಿಯಿಂದ ಬಾಲದ ಪಕ್ಕದ ಮೂಳೆಯವರೆಗೆ ಉದ್ದ, ಎರಡನ್ನೂ ಇಂಚಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಸುತ್ತಳತೆ 66, ಉದ್ದ 60 ಇದ್ದರೆ 396 ಕೆ.ಜಿ., ಅಂದರೆ ಸುಮಾರು 20 ಮಿ.ಲೀ. ಮದ್ದು. ಲೆಕ್ಕ ಕಷ್ಟವೆನಿಸಿದರೆ ಶಾಲೆಗೆ ಹೋಗುವ ಮಗಳ ಕೈಗೆ ಕೊಡಿ. ಕುತ್ತಿಗೆಯ ಮಾಂಸಕ್ಕೇ, ಒಂದು ಜಾಗಕ್ಕೆ 10 ಮಿ.ಲೀ. ಮೀರದಂತೆ ಹಾಕಬೇಕು. ಟ್ಯುನೀಷಿಯಾ, ಇರಾನ್‌ಗಳಲ್ಲಿ ಈ ಮದ್ದಿಗೇ ಬಗ್ಗದ ಥೈಲೇರಿಯಾ ಈಗಾಗಲೇ ಕಂಡಿದೆ. ಇದು ಕೈಬಿಟ್ಟರೆ ಅಷ್ಟೇ ನಂಬಿಕೆಯ ಇನ್ನೊಂದು ಮದ್ದು ನಮ್ಮ ಬಳಿ ಇಲ್ಲ.

ಡಾಕ್ಟರ್ ಹೊರಡುವ ಮುಂಚೆ ಕೇಳಿ: "ಸ್ಲೈಡ್ ತೆಗೆದಿರಾ ಸಾರ್? ಎಷ್ಟು ದಿನ ಹಾಲು ಸಂಘಕ್ಕೆ ಹಾಕಬಾರದು?" ಮದ್ದಿನ ಹೆಸರು, ಪ್ರಮಾಣ, ತಾರೀಖನ್ನು ಹಾಲಿನ ಪುಸ್ತಕದ ಹಿಂದಿನ ಪುಟದಲ್ಲಿ ಬರೆಸಿಕೊಳ್ಳಿ. ಮೂರನೇ ದಿನವೂ ಜ್ವರ ಇಳಿಯದೆ ಬೇರೆ ಡಾಕ್ಟರ್ ಬಂದರೆ ಅವರು ಮೊದಲು ಕೇಳುವುದು ಅದನ್ನೇ.