ಹಿಮ್ಮೇಳದ ಕಡೆ ಕಿವಿಗೊಡು, ಅಳಿಯ

ಗುಂಡ್ಲುಪೇಟೆಯ ಅಳಿಯನಿಗೆ, ಅವನ ನೆಪದಲ್ಲಿ ಅವನ ಓರಗೆಯ ಹುಡುಗ ಹುಡುಗಿಯರಿಗೂ, ಚಾಮರಾಜನಗರದ ಮಾವನ ಆಶೀರ್ವಾದಗಳು.

ಕಂಸಾಳೆಯವರನ್ನು ರೆಕಾರ್ಡ್ ಮಾಡಿಕೊಂಡು, ಅಡಿಗೊಂದು ಡ್ರಮ್ ಲೂಪ್ ಹಾಕಿ, ಮೇಲೊಂದು ಸ್ಯಾಕ್ಸೊಫೋನ್ ಕೂರಿಸಿ ಲ್ಯಾಪ್‌ಟಾಪಿನಲ್ಲೇ ‘ಜಾನಪದ ಜಾಝ್’ ಮಾಡುವ ಆಸೆ ನಿನಗೆ ಹುಟ್ಟಿದೆಯಂತೆ. ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಆಸೆ ಒಳ್ಳೆಯದೇ. ಜಾಝ್‌ನವರು ಕರ್ನಾಟಕಕ್ಕೆ ಬಂದು ಇಲ್ಲಿನವರ ಜೊತೆ ಕೂತು ನುಡಿಸಲು ಶುರುಮಾಡಿ ನಲವತ್ತು ವರ್ಷ ಮೀರಿದೆ. ಮಾವನ ತಕರಾರು ಆ ಲೂಪಿನ ಮೇಲೆ ಮಾತ್ರ.

ಕಂಸಾಳೆಯವರ ಕೈಯನ್ನು ಹತ್ತಿರದಿಂದ ನೋಡಿದ್ದೀಯಾ? ಎಡ ಅಂಗೈಯಲ್ಲಿ ಬಟ್ಟಲಿನಂಥ ತಾಳ. ಬಲಗೈಯಲ್ಲಿ ಚಪ್ಪಟೆ ತಾಳ, ಅದಕ್ಕೆ ದಾರ, ದಾರಕ್ಕೆ ಗೊಂಡೆ. ಬಡಿದ ಮೇಲೆ ಒತ್ತಿ ಹಿಡಿದರೆ ಸದ್ದು ಅಲ್ಲೇ ಅಡಗುತ್ತದೆ, ಬಿಟ್ಟರೆ ಗುಂಯ್‌ಗುಡುತ್ತದೆ. ಬೀಸು ಕಂಸಾಳೆಯಲ್ಲಂತೂ ಚಪ್ಪಟೆ ತಾಳ ದಾರದ ತುದಿಯಲ್ಲಿ ಬೀಸಿ ತಲೆಯ ಮೇಲೆ, ಬೆನ್ನ ಹಿಂದೆ ಸುತ್ತಿ ಬಂದು ಬಟ್ಟಲಿಗೆ ಬಡಿಯುತ್ತದೆ. ಪಕ್ಕದವನು ಅರೆಕ್ಷಣ ತಡೆದರೆ ಇವನೂ ತಡೆಯಬೇಕು, ಅವನು ನುಗ್ಗಿದರೆ ಇವನೂ ನುಗ್ಗಬೇಕು. ಕುಣಿತ ಕಾವೇರಿದ ಹಾಗೆ ಓಟವೂ ಏರುತ್ತದೆ. ಲೂಪಿಗೆ ಇದು ಯಾವುದೂ ಕೇಳಿಸುವುದಿಲ್ಲ. ನಿಮಿಷಕ್ಕೆ 110 ಪೆಟ್ಟು ಎಂದು ಒಮ್ಮೆ ಹೇಳಿಬಿಟ್ಟರೆ ಬೆಳಗಾಗುವವರೆಗೂ ಅದಕ್ಕೆ 110 ಪೆಟ್ಟೇ. ಕೊನೆಗೆ ಮನುಷ್ಯರೇ ಅದರ ಹಿಂದೆ ಓಡಬೇಕು.

ಕಂಸಾಳೆಯವರು ಹಾಡುವ ಮಾದೇಶ್ವರನ ಕಾವ್ಯ ನಮ್ಮ ಸೀಮೆಯಲ್ಲಿ ಪುಸ್ತಕವಾಗಿ ಬಂದು ಬಹಳ ಕಾಲವಾಯಿತು. ಪಿ.ಕೆ. ರಾಜಶೇಖರ ಅವರ ಸಂಗ್ರಹ ಅಚ್ಚಾದದ್ದು 1973ರಲ್ಲಿ. ಆಮೇಲೆ ಹೆಬ್ಬಣಿ ಮಾದಯ್ಯ ಮತ್ತು ತಂಡದವರು ಹಾಡಿದ್ದನ್ನು ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದರು. ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಮಾಡಿದ ಅದರ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿ 2001ರಲ್ಲಿ ಪ್ರಕಟಿಸಿತು. ಜುಂಜೇಗೌಡನ ಸಾಲು, ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು ಎಲ್ಲವನ್ನೂ ಓದಬಹುದು, ಓದಲೇಬೇಕು. ಆದರೆ ಸಂಕಮ್ಮ ಗಂಡನಿಗೆ ಬಲಗೈ ಭಾಷೆ ಕೊಡಲು ಒಪ್ಪದೆ ನಿಲ್ಲುವ ಘಟ್ಟಕ್ಕೆ ಬಂದಾಗ ಮುಂದೆ ನಿಂತು ಕಥೆ ಹಾಡುವ ದೇವರಗುಡ್ಡ ಏನು ಮಾಡುತ್ತಾನೆ ಎಂಬುದು ಓದಿದರೆ ತಿಳಿಯುವುದಿಲ್ಲ. ಎದುರಿಗೆ ಕೂತ ಹೆಂಗಸರು ಕಣ್ಣೊರೆಸಿಕೊಂಡರೆ ಅವನು ಆ ಮಾತನ್ನೇ ಹಿಗ್ಗಿಸುತ್ತಾನೆ. ಜನ ತೂಕಡಿಸುತ್ತಿದ್ದರೆ ನಾಲ್ಕು ಮಾತಿನಲ್ಲಿ ದಾಟಿಸಿ ಮುಂದಕ್ಕೆ ಹೋಗುತ್ತಾನೆ. ಹಿಮ್ಮೇಳದವರಿಗೆ ಇದನ್ನು ಯಾರೂ ಮುಂಚೆ ಹೇಳಿರುವುದಿಲ್ಲ. ಅವನ ಉಸಿರು ಎಲ್ಲಿ ನಿಂತಿತು ಎಂದು ನೋಡಿಕೊಂಡೇ ಅವರು ಸೊಲ್ಲು ಎತ್ತುತ್ತಾರೆ. ಅವರು ಸೊಲ್ಲು ಎಳೆಯುವಷ್ಟು ಹೊತ್ತಿನಲ್ಲಿ ಮುಂದಿನ ಮಾತು ಇವನ ಬಾಯಿಗೆ ಬಂದಿರುತ್ತದೆ.

ಸಂಗೀತದವರು ಮನೋಧರ್ಮ ಎನ್ನುವುದನ್ನು ನಾವು ಸಾಮಾನ್ಯವಾಗಿ ಮುಂದೆ ನಿಂತವನ ಖಾತೆಗೆ ಬರೆಯುತ್ತೇವೆ. ಅರ್ಧಪಾಲು ಹಿಂದೆ ಕೂತವರದು. ಈ ಪತ್ರ ಬರೆಯುತ್ತಿರುವುದೂ ಇದನ್ನು ಹೇಳುವುದಕ್ಕೇ.

ನಂಬಿಕೆ ಬಾರದಿದ್ದರೆ ಒಂದು ಪರೀಕ್ಷೆ ಮಾಡು. ಜಾಝ್ ವಾದಕ ಆರ್ನೆಟ್ ಕೋಲ್ಮನ್ 1960ರ ಡಿಸೆಂಬರ್ 21ರಂದು ‘ಫ್ರೀ ಜಾಝ್’ ಎಂಬ ಸುಮಾರು 37 ನಿಮಿಷದ ಒಂದೇ ತುಣುಕನ್ನು ರೆಕಾರ್ಡ್ ಮಾಡಿದ. ಎಂಟು ಜನ, ನಾಲ್ವರಂತೆ ಎರಡು ತಂಡ. ಎಡ ಚಾನೆಲ್‌ನಲ್ಲಿ ಕೋಲ್ಮನ್, ಡಾನ್ ಚೆರಿ, ಸ್ಕಾಟ್ ಲಫಾರೊ, ಬಿಲ್ಲಿ ಹಿಗಿನ್ಸ್. ಬಲ ಚಾನೆಲ್‌ನಲ್ಲಿ ಎರಿಕ್ ಡಾಲ್ಫಿ, ಫ್ರೆಡ್ಡಿ ಹಬ್ಬರ್ಡ್, ಚಾರ್ಲಿ ಹೇಡನ್, ಎಡ್ ಬ್ಲ್ಯಾಕ್‌ವೆಲ್. ಮೊದಲ ಸಲ ಕೇಳಿದವರಿಗೆ ಸೋಮವಾರದ ಸಂತೆ ನೆನಪಾದರೆ ತಪ್ಪೇನಿಲ್ಲ. ಆಗ ಇಯರ್‌ಫೋನಿನ ಬಲಗಡೆಯದನ್ನು ಕಿತ್ತು ಬರೀ ಎಡಗಡೆ ಕೇಳು. ಆಮೇಲೆ ಅದನ್ನು ಬಿಟ್ಟು ಬರೀ ಬಲಗಡೆ. ಆಮೇಲೆ ಎರಡೂ. ಒಬ್ಬ ಮುಂದಕ್ಕೆ ಬಂದು ನುಡಿಸುವಾಗ ಮಿಕ್ಕ ಊದುವವರು ಹಿಂದಿನಿಂದ ಚುಚ್ಚುತ್ತಾ, ಹೌದೆನ್ನುತ್ತಾ, ಕೆಣಕುತ್ತಾ ಇರುವುದು ಸ್ಪಷ್ಟವಾಗಿ ಕೇಳುತ್ತದೆ. ಸೊಲ್ಲು ಎತ್ತುವುದನ್ನು ಬಲ್ಲ ಕಿವಿಗೆ ಇದು ಅಪರಿಚಿತವಲ್ಲ.

ಯಾವ ಪದ್ಧತಿಗೂ ಕಟ್ಟುಬೀಳದೆ ನುಡಿಸುತ್ತಿದ್ದ ಇಂಗ್ಲೆಂಡಿನ ಗಿಟಾರ್‌ವಾದಕ ಡೆರೆಕ್ ಬೇಲಿ 1980ರಲ್ಲಿ ಈ ಮನೋಧರ್ಮದ ಬಗ್ಗೆಯೇ ಒಂದು ಪುಸ್ತಕ ಬರೆದ. ಅದು ಶುರುವಾಗುವುದು ಭಾರತೀಯ ಸಂಗೀತದಿಂದ. ಜಾಝ್ ಬರುವುದು ಆಮೇಲೆ.

ಇನ್ನು ನಮ್ಮವರ ಕಥೆಗೆ ಬಾ. ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿ 1964ರಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಕಟ್ಟಿದರು. ಮೃದಂಗ, ಘಟ, ಖಂಜಿರ, ಮೋರ್ಸಿಂಗ್ ಕಲಿಸುವ ಶಾಲೆ. ಅಂದರೆ ಹಿಮ್ಮೇಳದವರದೇ ಶಾಲೆ. ಜರ್ಮನಿಯ ಎಂಬ್ರಿಯೊ ತಂಡ ಮ್ಯೂನಿಕ್‌ನಿಂದ ಬಸ್ಸಿನಲ್ಲಿ ಭಾರತಕ್ಕೆ ಬಂದಾಗ ಇವರ ಜೊತೆ ನುಡಿಸಿತು. ಬಾಸ್ಟನ್‌ನ ಜಾಝ್ ವಾದಕ ಚಾರ್ಲಿ ಮರಿಯಾನೊ 1963ರಲ್ಲಿ ಚಾರ್ಲ್ಸ್ ಮಿಂಗಸ್ ಜೊತೆ ನುಡಿಸಿ ಹೆಸರಾದವನು. ಅಷ್ಟಾದ ಮೇಲೂ ಹೊಸ ವಿದ್ಯಾರ್ಥಿಯಂತೆ ನಾಗಸ್ವರ ಕಲಿತ. ಇವನೂ ಕಾಲೇಜಿನವರೂ ಸೇರಿ 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿಗೆ ‘ಜ್ಯೋತಿ’ ರೆಕಾರ್ಡ್ ಮಾಡಿದರು. ಆರ್.ಎ. ರಮಾಮಣಿ ಹಾಡಿಗೆ, ಮಣಿ ಮೃದಂಗಕ್ಕೆ, ಆರ್.ಎ. ರಾಜಗೋಪಾಲ್ ಘಟಕ್ಕೆ, ಟಿ.ಎನ್. ಶಶಿಕುಮಾರ್ ಖಂಜಿರಕ್ಕೆ. ಅದರಲ್ಲಿ ಪಿಯಾನೊ ಇಲ್ಲ, ಡ್ರಮ್ ಸೆಟ್ ಇಲ್ಲ. ಮರಿಯಾನೊ ರಮಾಮಣಿಯವರ ದನಿಗೆ ಎಷ್ಟು ಜಾಗ ಬಿಡುತ್ತಾನೆ ಎಂಬುದನ್ನು ಕೇಳು. ದೊಡ್ಡ ವಾದಕ ಸುಮ್ಮನಿರಲು ಕಲಿಯುವುದು ಸುಲಭದ ಮಾತಲ್ಲ.

ಕದ್ರಿ ಗೋಪಾಲನಾಥ್ ಕಥೆ ನಿನಗೆ ಗೊತ್ತಿರುತ್ತದೆ. ನಾಗಸ್ವರದವರ ಮನೆಯ ಹುಡುಗ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದ. ಗಮಕವನ್ನು ಆ ಪರದೇಶಿ ಕೊಳವೆಯಿಂದ ಹೊರಡಿಸಲು ವರ್ಷಗಟ್ಟಲೆ ಸಾಧನೆ ಮಾಡಿದರು. 1980ರ ಬೊಂಬಾಯಿ ಜಾಝ್ ಉತ್ಸವದಲ್ಲಿ ಅವರನ್ನು ಕೇಳಿದ ಅಮೆರಿಕದ ಜಾನ್ ಹ್ಯಾಂಡಿ ತಾನೂ ಜೊತೆಗೆ ನುಡಿಸಿದ. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದರು. ಇದಕ್ಕಿಂತ ನಿನಗೆ ಬೇಕಾದದ್ದು 2008ರ ‘ಕಿನ್ಸ್‌ಮೆನ್’. ಕರ್ನಾಟಕ ಮೂಲದ ಮನೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಅದರಲ್ಲಿ ಕದ್ರಿಯವರ ಎದುರಿಗೆ ನಿಂತಿದ್ದಾನೆ. ಎರಡೂ ಆಲ್ಟೊ ಸ್ಯಾಕ್ಸೊಫೋನ್. ಜೊತೆಗೆ ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ, ಹಿಂದೆ ಅಮೆರಿಕದ ಡ್ರಮ್ಸ್ ಮತ್ತು ಬಾಸ್. ಯಾವ ಸ್ಯಾಕ್ಸೊಫೋನ್ ಯಾರದು ಎಂದು ಗುರುತಿಸಲು ಹೋಗಬೇಡ, ಮೃದಂಗವೂ ಡ್ರಮ್ಸೂ ಒಂದಕ್ಕೊಂದು ಹೇಗೆ ದಾರಿ ಬಿಡುತ್ತವೆ ಎಂಬುದನ್ನಷ್ಟೇ ಹಿಂಬಾಲಿಸು.

ಇವೆಲ್ಲ ಒಳ್ಳೆಯ ಉದಾಹರಣೆಗಳಾದವು. ಕೆಟ್ಟವಕ್ಕೂ ಕೊರತೆಯಿಲ್ಲ, ತಂಬೂರಿಯವನೊಬ್ಬನನ್ನು ವೇದಿಕೆಯ ಮೂಲೆಗೆ ನಿಲ್ಲಿಸಿ, ಎರಡು ಸಾಲು ಹಾಡಿಸಿ, ಗಿಟಾರ್ ಜೋರಾದ ಕೂಡಲೇ ಅವನ ಮೈಕು ತಗ್ಗಿಸುವ ಫ್ಯೂಷನ್ ಕಾರ್ಯಕ್ರಮಗಳನ್ನು ನೀನೂ ನೋಡಿದ್ದೀಯ.

ಆದ್ದರಿಂದ ಮೈಕು ಕೊಳ್ಳುವ ಮುಂಚೆ ಚಿಕ್ಕಲ್ಲೂರಿಗೆ ಹೋಗು. ಕೊಳ್ಳೇಗಾಲ ತಾಲ್ಲೂಕು, ಸಿದ್ದಪ್ಪಾಜಿ ಜಾತ್ರೆ, ಜನವರಿಯ ಬನದ ಹುಣ್ಣಿಮೆಯಿಂದ ಐದು ದಿನ. ಮೊದಲ ರಾತ್ರಿ ಚಂದ್ರಮಂಡಲದ ಆಚರಣೆ. ಅದು ಮುಗಿದ ಮೇಲೆ ಜನ ಅಲ್ಲಲ್ಲಿ ಬಿಡಾರ ಹೂಡಿದ ಕಡೆ ನೀಲಗಾರರು ಮಂಟೇಸ್ವಾಮಿ ಕಥೆ ಎತ್ತಿಕೊಳ್ಳುತ್ತಾರೆ. ತಂಬೂರಿ, ಗಗ್ಗರ, ಡಕ್ಕೆ, ತಾಳ ಇಷ್ಟೇ. ಮುಂದೆ ಕೂರಬೇಡ, ಡಕ್ಕೆಯವರ ಪಕ್ಕಕ್ಕೆ ಕೂರು. ಮೊದಲ ರಾತ್ರಿ ಫೋನು ಜೇಬಿನಲ್ಲೇ ಇರಲಿ. ರೆಕಾರ್ಡ್ ಮಾಡುವುದಾದರೆ ಹಾಡುವವರನ್ನು ಕೇಳಿಯೇ ಮಾಡು. ಕಾಣಿಕೆ ಎಂದು ಹತ್ತಿಪ್ಪತ್ತು ರೂಪಾಯಿ ಇಟ್ಟು ಬರಬೇಡ, ಬೆಂಗಳೂರಿನ ಕೀಬೋರ್ಡಿನವನಿಗೆ ಒಂದು ಸಂಜೆಗೆ ಕೊಡುವಷ್ಟನ್ನು ಇವರಿಗೂ ಕೊಡು. ಯೂಟ್ಯೂಬಿಗೆ ಹಾಕುವಾಗ ಹಿಮ್ಮೇಳದವರ ಹೆಸರು, ಊರು ಕೇಳಿ ಬರೆದು ಹಾಕು. ಲೂಪ್ ತೆಗೆದು, ಅದರ ಬದಲು ಡ್ರಮ್ ಬಾರಿಸುವ ನಿನ್ನ ಗೆಳೆಯನನ್ನೇ ಕರೆದುಕೊಂಡು ಬಾ. ಅವನಿಗೆ ಕಿವಿ ಇದ್ದರೆ ಎರಡನೆಯ ರಾತ್ರಿ ಒಂದು ತಮಟೆಯನ್ನೋ ಬರೀ ಅಂಗೈಯನ್ನೋ ಸೇರಿಸಲು ಅವರೇ ಬಿಟ್ಟಾರು.

ರಾತ್ರಿ ಚಳಿ ಜಾಸ್ತಿ, ಕಂಬಳಿ ಮರೆಯಬೇಡ. ನಾಲ್ಕನೆಯ ದಿನದ ಪಂಕ್ತಿಸೇವೆಗೆ ಮಾವನೂ ಬರುತ್ತಾನೆ. ಹೊರಡುವ ದಿನ ತಿಳಿಸಿದರೆ ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಸಿಗೋಣ.

ಇಂತಿ,
ನಿನ್ನ ಮಾವ