ವಸಂತಕಾಲದ ಒಂದು ವನಸಂಚಾರ

ವಸಂತವೆಂದರೆ ತಳಿರು, ಹೂವು, ಕೋಗಿಲೆಯ ದನಿ ಎಂದು ಪದ್ಯಪಾಠಗಳಲ್ಲಿ ಓದುತ್ತೇವೆ. ಆದರೆ ನಮ್ಮ ಕಾಸರಗೋಡಿನ ಪ್ರಾಂತದಲ್ಲಿ ಮೀನಮಾಸವು ಬಾವಿಗಳ ತಳ ಕಾಣುವ ಕಾಲ. ಪದವಿನ ಮುರಕಲ್ಲು ಬರಿಗಾಲನ್ನು ಸುಡುವ ಕಾಲ. ಇಂತಹ ಬರಗಾಲದಲ್ಲಿಯೇ ಕಾಡು ಹೂಬಿಡುವುದೇಕೆ? ಏಳನೆಯ ತರಗತಿಯ ವಿದ್ಯಾರ್ಥಿಯೊಬ್ಬನು ಕೇಳಿದ ಈ ಪ್ರಶ್ನೆಗೆ ಉತ್ತರವನ್ನು ಮರಗಳಿಂದಲೇ ಪಡೆಯೋಣವೆಂದು ಬಿಸುಹಬ್ಬಕ್ಕೆ ಕೆಲವು ದಿನ ಮುಂಚೆ ನಾವು ಮಕ್ಕಳೊಡನೆ ಬೆಳಗಿನ ತಂಪಿನಲ್ಲಿ ಹೊರಟೆವು. ಕುಡಿಯುವ ನೀರು, ಟಿಪ್ಪಣಿ ಪುಸ್ತಕ, ಒಂದು ಭೂತಕನ್ನಡಿ ಇವಿಷ್ಟೇ ನಮ್ಮ ಸಾಮಗ್ರಿ. ಬಿದ್ದ ಹೂವನ್ನು ಹೆಕ್ಕಬಹುದು, ಗಿಡದ ಹೂವನ್ನು ಕೊಯ್ಯಬಾರದು ಎಂಬುದೇ ನಮ್ಮ ನಿಯಮ.

ಪದವಿನ ಅಂಚಿನಲ್ಲಿ ಮೊದಲು ನಮ್ಮನ್ನು ಸ್ವಾಗತಿಸಿದುದು ಕೇಪಳ. ಕೆಂಪು ಗೊಂಚಲಿನ ಒಂದೊಂದು ಹೂವಿಗೂ ನಾಲ್ಕೇ ದಳಗಳು. ಕೆಳಗೆ ಸೂಜಿಯಂತಹ ನಳಿಗೆ. ಅದರ ತಳದಲ್ಲಿರುವ ಮಧುವು ಚಿಟ್ಟೆಯ ನೀಳವಾದ ನಾಲಗೆಗೆ ಎಟಕುವಂತಿದೆ. ಸಸ್ಯಶಾಸ್ತ್ರಜ್ಞರು ಈ ಕುಲಕ್ಕೆ ಇಟ್ಟಿರುವ 'ಇಕ್ಸೋರ' ಎಂಬ ಹೆಸರು 'ಈಶ್ವರ' ಎಂಬ ಶಬ್ದದಿಂದಲೇ ಬಂದುದು. ಅಲ್ಲಿಂದ ಮುಂದೆ ಒಳ್ಳೆಕೊಡಿಯ ಪೊದೆಯಲ್ಲಿ ನೀಲಿ ಹೂಗಳು ರೆಂಬೆಗಳಿಗೇ ಅಂಟಿಕೊಂಡು ಅರಳಿದ್ದವು. ನಾಗಬನದೊಳಗೆ ಕಾಲಿಡುವ ಮೊದಲೇ ಸುರಗಿಯ ಪರಿಮಳವು ಬಂದಿತು. ಈ ಹೂವು ಒಣಗಿದ ಮೇಲೂ ತನ್ನ ಗಂಧವನ್ನು ಬಿಡುವುದಿಲ್ಲ.

ಕೇಪಳ, ಸುರಗಿಗಳು ಸದಾ ಹಸುರಾಗಿರುವಂಥವು. ಬೂರುಗದ ರೀತಿಯೇ ಬೇರೆ. ಅದು ಬೇಸಗೆಯಲ್ಲಿ ಎಲೆಗಳನ್ನೆಲ್ಲ ಉದುರಿಸಿ ಬರಿದಾಗಿ ನಿಲ್ಲುತ್ತದೆ. ಎಲೆಗಳ ಮೂಲಕವೇ ಗಿಡದ ನೀರು ಆವಿಯಾಗಿ ಹೋಗುವುದರಿಂದ, ಎಲೆಯನ್ನು ಕಳಚುವುದು ನೀರಿನ ಮಿತವ್ಯಯ. ಎಲೆಯ ಮರೆಯಿಲ್ಲದ ಕೊಂಬೆಯಲ್ಲಿ ಕೆಂಪು ಹೂವು ದೂರದ ಹಕ್ಕಿಗಳಿಗೂ ಕಾಣುತ್ತದೆ. ಮಧುವಿಗಾಗಿ ಬರುವ ಮೈನಾ, ಕಾಗೆಗಳೇ ಪರಾಗವನ್ನು ಸಾಗಿಸುತ್ತವೆ. ಮಳೆಗೆ ಮೊದಲೇ ಕಾಯಿ ಒಡೆದು, ಹತ್ತಿಯೊಡನೆ ಬೀಜವು ಒಣಗಾಳಿಯಲ್ಲಿ ಹಾರಿಹೋಗುತ್ತದೆ. ಮಳೆ ಬಂದಾಗ ಅದು ನೆಲ ಸೇರಿ ಸಿದ್ಧವಾಗಿರುತ್ತದೆ. ಮರದ ಬರಿಮೈ ಬಡತನವಲ್ಲ, ಮುಂದಾಲೋಚನೆ ಎಂದು ಮಕ್ಕಳು ಬರೆದುಕೊಂಡರು.

ಕೊನೆಗೆ ಹೊಳೆಯ ದಾರಿಯಲ್ಲಿ ಹಳದಿ ತೋರಣದಂತೆ ತೂಗುವ ಹೂಮರವೊಂದು ಕಂಡಿತು. ಕೂಡಲೇ ವಾದವೂ ಹುಟ್ಟಿತು. "ಇದು ಕಕ್ಕೆ" ಎಂದಳು ಒಬ್ಬಳು. ತುಳು ಮನೆಮಾತಿನ ಹುಡುಗನು "ಕೊಂದೆ" ಎಂದನು. "ಕಣಿಕೊನ್ನ" ಎಂದಿತು ಮಲಯಾಳದ ಮನೆಯ ಮಗು. ಯಾರದು ಸರಿ? ಎಲ್ಲರದೂ ಸರಿ. ಸಂಸ್ಕೃತದಲ್ಲಿ ಇದೇ ಆರಗ್ವಧ. 1678ರಿಂದ 1693ರವರೆಗೆ ಆಂಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ 'ಹೋರ್ತುಸ್ ಮಲಬಾರಿಕುಸ್' ಎಂಬ ಗ್ರಂಥದಲ್ಲಿ ಇದರ ಮಲಯಾಳದ ಹೆಸರು ಸೇರಿದೆ. ಡಚ್ಚರ ಅಧಿಕಾರಿ ವಾನ್ ರೀಡನಿಗೆ ಆ ಗ್ರಂಥರಚನೆಯಲ್ಲಿ ನೆರವಾದವರು ವೈದ್ಯ ಇಟ್ಟಿ ಅಚ್ಯುತನ್ ಮತ್ತು ಕೊಂಕಣಿ ಪಂಡಿತರಾದ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರು. ಬಲ್ಲವರು ಹೇಳಿದುದರಿಂದ ಹೆಸರುಗಳು ಉಳಿದವು.

ಭೂತಕನ್ನಡಿಯಲ್ಲಿ ಕಕ್ಕೆಯ ಹೂವನ್ನು ನೋಡಿದೆವು. ಐದು ದಳಗಳು, ಹತ್ತು ಕೇಸರಗಳು. ಅವುಗಳಲ್ಲಿ ಮೂರು ಮಾತ್ರ ಉದ್ದವಾಗಿ ಬಾಗಿವೆ. ದೊಡ್ಡ ಕರಿದುಂಬಿಯು ಗಿಡ್ಡ ಕೇಸರಗಳ ಪರಾಗವನ್ನು ಆಹಾರವಾಗಿ ಪಡೆಯುವಾಗ, ಉದ್ದ ಕೇಸರಗಳ ಪರಾಗವು ಅದರ ಮೈಗಂಟಿ ಬೇರೆ ಹೂವಿಗೆ ಸೇರುತ್ತದೆ. ಅದೇ ಮರದಲ್ಲಿ ಹೋದ ವರ್ಷದ ಹೂವಿನ ಫಲವಾದ ಕಪ್ಪು ಕೋಡುಗಳೂ ತೂಗುತ್ತಿದ್ದವು. ಕಕ್ಕೆಯ ಕಾಯಿ ಮಾಗಲು ಹೆಚ್ಚುಕಡಿಮೆ ಒಂದು ವರ್ಷವೇ ಬೇಕು.

ಆಗ ಒಬ್ಬ ಬಾಲಕಿ, "ಕೋಡುಗಳೆಲ್ಲ ಮೇಲಿನ ಕೊಂಬೆಗಳಲ್ಲಿಯೇ ಇವೆಯಲ್ಲ, ಕೆಳಗೇಕಿಲ್ಲ?" ಎಂದು ಕೇಳಿದಳು. ನೋಡಿದರೆ, ಕೈಗೆಟಕುವ ಕೊಂಬೆಗಳೆಲ್ಲ ಮುರಿದ ಮೋಟುಗಳಾಗಿದ್ದವು. ಹೋದ ಬಿಸುವಿಗೆ ಕಣಿಯಿಡಲು ಹೂವನ್ನು ಕೊಂಬೆಸಹಿತ ಮುರಿದೊಯ್ದಿದ್ದರು. ಮುರಿದವರು ಬೇರೆ ಯಾರೂ ಅಲ್ಲ, ನಮ್ಮ ಮನೆಗಳವರೇ. ಮಕ್ಕಳು ಸ್ವಲ್ಪ ಹೊತ್ತು ಮಾತನಾಡಲಿಲ್ಲ.

ಪೋಷಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಕಣಿಗೆ ಒಂದು ಗೊಂಚಲು ಸಾಕು. ಅದನ್ನು ಕೊಂಬೆಗೆ ನೋವಾಗದಂತೆ ಕೊಯ್ಯಿರಿ. ವಿದ್ಯಾರ್ಥಿಗಳೇ, ಈ ರಜೆಯಲ್ಲಿ ಅಜ್ಜ ಅಜ್ಜಿಯರೊಡನೆ ಮನೆಯ ಹಿಂದಿನ ಗುಡ್ಡಕ್ಕೆ ಹೋಗಿ ಐದು ಹೂಗಳ ಹೆಸರನ್ನು ಕೇಳಿ, ಅವರು ಹೇಳಿದ ಮಾತಿನಲ್ಲಿಯೇ ಬರೆದು ತನ್ನಿರಿ. ಒಂದು ಕಕ್ಕೆಯ ಕೋಡನ್ನೂ ತನ್ನಿರಿ. ಮಳೆಗಾಲದಲ್ಲಿ ಶಾಲೆಯ ಬೇಲಿಯ ಬಳಿ ಅದರ ಬೀಜಗಳನ್ನು ಬಿತ್ತೋಣ.